ನಿಮ್ಮನೇಲೂ ಹೋಯ್ತಾ?

ನಾನೀಗ ಇರುವ ಅಪಾರ್ಟ್‌ಮೆಂಟಿನಲ್ಲಿ ಕರೆಂಟ್ ಹೋದರೆ ಸರಿಯಾಗಿ ಕತ್ತಲೆ ಕೂಡ ಆಗುವುದಿಲ್ಲ. ‘ಅಯ್ಯೋ, ಹೋಯ್ತು’ ಅನ್ನುವಷ್ಟರಲ್ಲಿ ಕೆಳಗೆ ಜನರೇಟರ್ ಗುಡುಗಿಕೊಂಡು ಏಳುತ್ತದೆ. ಫ್ಯಾನಿನ ರೆಕ್ಕೆಗಳು ನಿಲ್ಲಬೇಕೋ ಬೇಡವೋ ಎಂದು ನಿಧಾನಿಸಿ ಮತ್ತೆ ತಿರುಗಲು ಹೊರಡುತ್ತವೆ. ಫ್ರಿಜ್ ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ, ಅಷ್ಟೆ. ಈ ಸೌಕರ್ಯಕ್ಕೆಂದು ನಾವೆಲ್ಲ ತಿಂಗಳು ತಿಂಗಳು ದುಡ್ಡು ಕಟ್ಟುತ್ತೇವೆ. ಆದರೂ ನನಗೆ ಇದರಿಂದ ಕಿರಿಕಿರಿ. ಏಪ್ರಿಲ್ ಕೊನೆಯ ಸಂಜೆ, ಮಳೆಗೆ ಮುಂಚಿನ ಗಾಳಿ ಧೂಳೆಬ್ಬಿಸಿಕೊಂಡು ಬಂದು, ಎಲ್ಲೋ ಒಂದು ಗುಲ್‌ಮೊಹರಿನ ಕೊಂಬೆ ತಂತಿಯ ಮೇಲೆ ಬಿದ್ದು ದೀಪ ಆರಿದಾಗ, ನನ್ನ ಕಾಲು ತಾನಾಗಿ ಬಾಗಿಲ ಕಡೆ ಹೊರಟಿರುತ್ತದೆ. ಚಿಲಕಕ್ಕೆ ಕೈ ತಾಗುವ ಮೊದಲೇ ಬೆಳಕು ಬಂದುಬಿಡುತ್ತದೆ. ಆಮೇಲೆ ಬಾಗಿಲು ತೆರೆದು ಯಾರಿಗೆ ಏನು ಹೇಳುವುದು?

ಹೇಳಬೇಕಾಗಿದ್ದ ಮಾತು ಒಂದೇ. ‘ನಿಮ್ಮನೇಲೂ ಹೋಯ್ತಾ?’

ನಾನು ಬೆಳೆದದ್ದು ಹನುಮಂತನಗರದ ಒಂದು ವಠಾರದಲ್ಲಿ. ಒಂದೇ ಗೇಟು, ಎದುರು ಬದುರು ಎರಡು ಸಾಲು ಮನೆ, ನಡುವೆ ಕೊಡ ಹೊತ್ತವರು ಬಂದರೆ ಉಳಿದವರು ಗೋಡೆಗೆ ಒತ್ತಿಕೊಳ್ಳಬೇಕಾದಷ್ಟೇ ಅಗಲದ ಓಣಿ, ಕೊನೆಯಲ್ಲಿ ಎಲ್ಲರಿಗೂ ಸೇರಿದ ನಲ್ಲಿ. ಕರೆಂಟ್ ಹೋದ ಕೂಡಲೇ ಮಕ್ಕಳೆಲ್ಲ ‘ಓ…’ ಎಂದು ಕೂಗುತ್ತಿದ್ದೆವು. ಬಂದಾಗಲೂ ಅದೇ ಕೂಗು, ಅದೇ ಸಂತೋಷ. ದೊಡ್ಡವರು ಕೂಗುತ್ತಿರಲಿಲ್ಲ. ಹೊಸಿಲಿಗೆ ಬಂದು ನಿಂತು ಎದುರು ಮನೆಗೆ ಕೇಳುತ್ತಿದ್ದರು, ‘ನಿಮ್ಮನೇಲೂ ಹೋಯ್ತಾ?’ ಎದುರು ಮನೆ ಕತ್ತಲಾಗಿರುವುದು ಕಣ್ಣೆದುರೇ ಇರುತ್ತಿತ್ತು. ಆದರೂ ಕೇಳಬೇಕು. ‘ಹೂಂ ಕಣ್ರೀ, ಇಡೀ ಬೀದೀಗೇ ಹೋಗಿದೆ’ ಎಂಬ ಉತ್ತರ ಬಂದಮೇಲೆ ಕೇಳಿದವರಿಗೆ ಎಂಥದೋ ನೆಮ್ಮದಿ. ಇಡೀ ಬೀದಿಗೇ ಹೋಗಿದೆ ಎಂದಮೇಲೆ ಅದು ಯಾರೊಬ್ಬರ ಕಷ್ಟವೂ ಅಲ್ಲ. ತಿಳಿದವರೊಬ್ಬರು ಗೇಟಿನವರೆಗೆ ಹೋಗಿ ನೋಡಿ ಬಂದು, ‘ಆ ಕಡೆ ಫೇಸಲ್ಲಿ ಇದೆ, ನಮ್ಮ ಫೇಸೇ ಹೋಗಿರೋದು’ ಎಂದು ವರದಿ ಒಪ್ಪಿಸುತ್ತಿದ್ದರು. ಅಷ್ಟು ಹೊತ್ತಿಗೆ ಬೀಸಣಿಗೆ, ಚಾಪೆ, ಅಳುವ ಕೂಸು, ಅರ್ಧ ಹೆಚ್ಚಿದ ಹುರುಳಿಕಾಯಿ ಎಲ್ಲವೂ ಓಣಿಗೆ ಬಂದಿರುತ್ತಿದ್ದವು.

ಮುಂದಿನ ಮನೆಯಲ್ಲಿ ವಠಾರದ ಮಾಲೀಕರಾದ ತಾತ. ಬಾಡಿಗೆ ಇಸಿದುಕೊಳ್ಳುವ ದಿನ ಮುಖ ಬಿಗಿದುಕೊಂಡಿರುತ್ತಿದ್ದವರು ಕತ್ತಲಲ್ಲಿ ಬೇರೆಯೇ ಮನುಷ್ಯರಾಗುತ್ತಿದ್ದರು. ಬೆತ್ತದ ಕುರ್ಚಿ ಹೊರಗೆ ತರಿಸಿಕೊಂಡು, ಕರೆಂಟ್ ಹೋದಾಗಲೆಲ್ಲ ಕರೆಂಟ್ ಬಂದ ಕಥೆ ಹೇಳುತ್ತಿದ್ದರು. ಶಿವನಸಮುದ್ರದಲ್ಲಿ ಕಾವೇರಿ ಧುಮುಕುವಲ್ಲಿ ತಯಾರಾದ ವಿದ್ಯುತ್ತು 1902ರಲ್ಲಿ ಮೊದಲು ಮುಟ್ಟಿದ್ದು ಕೋಲಾರದ ಚಿನ್ನದ ಗಣಿಗಳನ್ನು. ಬೆಂಗಳೂರಿಗೆ ಅದು ಬಂದದ್ದು 1905ರಲ್ಲಿ. ‘ಮೊದಲು ಚಿನ್ನಕ್ಕೆ, ಆಮೇಲೆ ನಮಗೆ’ ಎಂದು ತಾತ ಪ್ರತಿಸಲವೂ ಹೇಳುತ್ತಿದ್ದರು. ಆ ಯೋಜನೆಯ ಹಿಂದಿದ್ದ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡರು, ತಾವು ಕನಸಿದ್ದು ತಂತಿಯಲ್ಲಿ ಹರಿದದ್ದನ್ನು ಅವರು ಕಾಣಲಿಲ್ಲ ಎನ್ನುವಲ್ಲಿಗೆ ತಾತನ ದನಿ ಇಳಿಯುತ್ತಿತ್ತು. ತಮ್ಮ ಮನೆಯವರೇ ಯಾರೋ ಹೋದರು ಎಂಬ ದುಃಖ ಅದರಲ್ಲಿರುತ್ತಿತ್ತು. ನಾವು ಮಕ್ಕಳು ಆ ಜಾಗ ಬರುವುದನ್ನೇ ಕಾಯುತ್ತಿದ್ದೆವು, ಯಾಕೆಂದರೆ ಅದಾದಮೇಲೆ ತಾತ ಒಳಗಿನಿಂದ ಕಡಲೆಪುರಿ ತರಿಸುತ್ತಿದ್ದರು.

ಹಿಂದಿನ ಒಂಟಿ ಕೋಣೆಯಲ್ಲಿ ಕುಮಟಾ ಕಡೆಯಿಂದ ಬಂದವರೊಬ್ಬರು ಬಾಡಿಗೆಗಿದ್ದರು. ಬ್ಯಾಂಕಿನಲ್ಲಿ ಕೆಲಸ. ಬೆಳಿಗ್ಗೆ ಹೋಗುವಾಗ ತಲೆ ತಗ್ಗಿಸಿ ಹೋದರೆ ಸಂಜೆ ಬರುವಾಗಲೂ ಹಾಗೇ. ಹೋಟೆಲಿನ ಊಟ, ಕಂಕುಳಲ್ಲಿ ಪೇಪರು. ಅವರ ದನಿ ಹೇಗಿದೆ ಎಂಬುದು ವಠಾರಕ್ಕೆ ಗೊತ್ತಿರಲಿಲ್ಲ. ಒಂದು ಮಳೆಗಾಲದ ರಾತ್ರಿ ಹೋದ ಕರೆಂಟ್ ಎಷ್ಟು ಹೊತ್ತಾದರೂ ಬರಲಿಲ್ಲ. ತಾತನ ಕಥೆ ಮುಗಿದು, ಕಡಲೆಪುರಿ ಮುಗಿದು, ಎಲ್ಲರೂ ಸುಮ್ಮನಾಗಿದ್ದಾಗ ಓಣಿಯ ಕೊನೆಯಿಂದ ಎತ್ತರದ ಒಂದು ಕಂಠ ಎದ್ದಿತು. ಯಕ್ಷಗಾನದ ಪದ. ಬಕೆಟ್ಟಿನ ತಳಕ್ಕೆ ಬೆರಳಲ್ಲಿ ತಾಳ. ‘ಯಾರ್ರೀ ಅದು?’ ಎಂದು ಯಾರೋ ಪಿಸುಗುಟ್ಟಿದರು. ಯಾರೂ ದೀಪ ಹಿಡಿದು ನೋಡಲಿಲ್ಲ. ನೋಡಿದರೆ ಹಾಡು ನಿಂತುಬಿಡುತ್ತದೆ ಎಂಬುದು ಅಷ್ಟೂ ಜನಕ್ಕೆ ಒಟ್ಟಿಗೆ ಹೊಳೆದಿತ್ತು. ಬೆಳಕಿನಲ್ಲಿ ಮನುಷ್ಯನಿಗೆ ತನ್ನ ಮುಖವನ್ನು ಸಂಭಾಳಿಸುವುದೇ ಒಂದು ಕೆಲಸ. ಹೊಸ ಊರಿಗೆ ಬಂದವನಿಗಂತೂ ಅದು ದುಡಿಮೆಗಿಂತ ದೊಡ್ಡ ದಣಿವು. ಆ ರಾತ್ರಿ ಅವರಿಗೆ ಆ ಕೆಲಸದಿಂದ ರಜೆ ಸಿಕ್ಕಿತ್ತು.

ಮರುದಿನದಿಂದ ಅವರು ಭಾಗವತರು. ‘ಭಾಗವತರೇ, ಊಟ ಆಯ್ತಾ?’ ಎಂದು ಕೇಳದೆ ಯಾರೂ ಅವರನ್ನು ದಾಟಿ ಹೋಗುತ್ತಿರಲಿಲ್ಲ. ಅವರ ಹೋಟೆಲ್ ಊಟಕ್ಕೆ ಪಕ್ಕದಲ್ಲಿ ಒಂದು ದಿನ ನಮ್ಮ ಮನೆಯ ಹುಳಿ, ಮತ್ತೊಂದು ದಿನ ಎದುರು ಮನೆಯ ಗೊಜ್ಜು ಸೇರತೊಡಗಿತು. ಊರಿಂದ ಬರುವಾಗ ಅವರು ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ತರುತ್ತಿದ್ದರು, ಮನೆಮನೆಗೂ ಬಟ್ಟಲಲ್ಲಿ ಹಂಚುತ್ತಿದ್ದರು. ವರ್ಗವಾಗಿ ಹೊರಟ ದಿನ ಆಟೋ ತುಂಬುವಷ್ಟು ಸಾಮಾನೂ ಅವರಿಗಿರಲಿಲ್ಲ, ಬೀದಿ ತುಂಬುವಷ್ಟು ಜನ ಕಳಿಸಲು ನಿಂತಿದ್ದೆವು.

ಬೀದಿಗೆಲ್ಲ ಇದ್ದು ನಮ್ಮ ಮನೆಯಲ್ಲಿ ಮಾತ್ರ ಹೋದ ದಿನವೂ ಇತ್ತು. ನನ್ನ ಎಸ್‌ಎಸ್‌ಎಲ್‌ಸಿ ಗಣಿತದ ಪರೀಕ್ಷೆಯ ಹಿಂದಿನ ರಾತ್ರಿ. ಫ್ಯೂಸಿನಲ್ಲಿ ಏನೋ ಸುಟ್ಟು ವಾಸನೆ ಬಂದು, ಬೆಳಗಾಗುವವರೆಗೆ ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ. ಎದುರು ಮನೆಯ ಅಕ್ಕ ಕಿಟಕಿಯಿಂದ ಒಂದು ವೈರು ಎಳೆದು, ಓಣಿಯ ಮೇಲೆ ಬಟ್ಟೆ ಒಣಗಿಸುವ ಹಗ್ಗಕ್ಕೆ ಸುತ್ತಿ ನಮ್ಮ ಮನೆಯೊಳಕ್ಕೆ ತಂದು ಬಲ್ಬು ಹಾಕಿಕೊಟ್ಟರು. ಅವರ ಮೀಟರಿನಲ್ಲಿ ಓಡಿದ ಕರೆಂಟಿಗೆ ನಮ್ಮ ಮನೆಯಲ್ಲಿ ಬೆಳಕು. ಅವರ ಮನೆಯ ದೀಪವೂ ಆರಲಿಲ್ಲ. ‘ಅವಳು ಓದೋವರೆಗೂ ನಂಗೂ ನಿದ್ದೆ ಬರಲ್ಲ’ ಎಂದು ಅಕ್ಕ ಕಿಟಕಿಯ ಬಳಿ ಕುಳಿತು ಸ್ವೆಟರ್ ಹೆಣೆಯುತ್ತಿದ್ದರು. ತ್ರಿಕೋನಮಿತಿಯ ಸೂತ್ರಗಳೆಲ್ಲ ನನಗೆ ಈಗ ಮರೆತಿವೆ. ಆ ವೈರಿನ ಕೆಂಪು ಬಣ್ಣ ಮರೆತಿಲ್ಲ.

ಬೆಂಗಳೂರಿನ ಹಳೆಯ ಬಡಾವಣೆಗಳ ವಿಷಯ ಓದುವಾಗ ಒಂದು ಸಂಗತಿ ನನ್ನನ್ನು ಯಾವಾಗಲೂ ತಡೆದು ನಿಲ್ಲಿಸುತ್ತದೆ. 1898ರಲ್ಲಿ ಈ ಊರಿಗೆ ಪ್ಲೇಗು ಬಂತು. ಪೇಟೆಯ ಒತ್ತೊತ್ತು ಮನೆಗಳಿಂದ ಜನರನ್ನು ಬಿಡಿಸಿ, ನಡುವೆ ಗಾಳಿ ಬೆಳಕು ಆಡಲಿ ಎಂದು ಬಸವನಗುಡಿ, ಮಲ್ಲೇಶ್ವರಗಳನ್ನು ಬೆಳೆಸಿದರು. ನೇರ ರಸ್ತೆ, ಅಡ್ಡರಸ್ತೆ, ಮನೆಯ ಸುತ್ತ ಜಾಗ, ಹಿಂದೆ ಕನ್ಸರ್ವೆನ್ಸಿ ಓಣಿ. ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗದಿರಲಿ ಎಂಬ ಎಚ್ಚರದಲ್ಲಿ ಹುಟ್ಟಿದ ಊರುಗಳು ಅವು. ಅಲ್ಲಿಗೆ ಹೋದ ಜನ ಆ ದೂರವನ್ನು ಇಟ್ಟುಕೊಳ್ಳಲಿಲ್ಲ. ಮನೆಮುಂದೆ ಜಗುಲಿ ಕಟ್ಟಿದರು. ಕಾಂಪೌಂಡಿನ ಗೋಡೆಯನ್ನು ಮೊಳಕೈ ಊರುವಷ್ಟೇ ಎತ್ತರ ಎಬ್ಬಿಸಿದರು. ರಾಮನವಮಿಗೆ ಬೀದಿಯಲ್ಲಿ ಹೋಗುವವರನ್ನೆಲ್ಲ ತಡೆದು ಪಾನಕ, ಕೋಸಂಬರಿ ಕೊಟ್ಟರು. ಕಾರ್ತಿಕದ ಕಡೇ ಸೋಮವಾರ ದೊಡ್ಡ ಬಸವಣ್ಣನ ಮುಂದೆ ಕಡಲೆಕಾಯಿ ಪರಿಷೆಗೆ ಸೇರಿ ಒಬ್ಬರ ಕಾಲು ಒಬ್ಬರು ತುಳಿದರು. ಮೈಸೂರು ಸಂಸ್ಥಾನದ ಎಂಜಿನಿಯರುಗಳು ಹಾಳೆಯ ಮೇಲೆ ಗೆರೆ ಎಳೆದು ಬಿಟ್ಟ ಅಂತರವನ್ನು ಜನ ಎಳ್ಳುಬೆಲ್ಲದಿಂದ ತುಂಬಿಸಿಕೊಂಡರು ಎಂದು ನೆನೆದರೆ ನನಗೆ ಆ ಜನರ ಮೇಲೆ ಮಮತೆ ಉಕ್ಕುತ್ತದೆ.

ಮೊಳಕೈ ಎತ್ತರದ ಆ ಗೋಡೆಯ ಮೇಲೆ ಅತಿ ಹೆಚ್ಚು ಸಲ ದಾಟಿದ ವಸ್ತು ಹೆಪ್ಪು ಇರಬೇಕು. ಒಂದು ಪುಟ್ಟ ಲೋಟದ ತಳದಲ್ಲಿ ಒಂದು ಚಮಚ ಮೊಸರು. ರಾತ್ರಿ ಹಾಲು ಕಾಯಿಸಿಟ್ಟ ಮೇಲೆ ಮನೆಯಲ್ಲಿ ಮೊಸರು ತಳ ಕಂಡಿರುವುದು ನೆನಪಾಗಿ, ಅಮ್ಮ ಲೋಟ ಕೊಟ್ಟು ನನ್ನನ್ನು ಓಡಿಸುತ್ತಿದ್ದಳು. ‘ಹೆಪ್ಪಿಗೆ ಸ್ವಲ್ಪ ಮೊಸರು ಬೇಕಂತೆ.’ ಮರುವಾರ ಅವರ ಮನೆಯ ಮಗು ಅದೇ ಮಾತು ಹೇಳಿಕೊಂಡು ನಮ್ಮ ಬಾಗಿಲಿಗೆ. ಹೀಗಾಗಿ ವಠಾರದ ಅಷ್ಟೂ ಮನೆಯ ಮೊಸರೂ ದಾಯಾದಿಗಳು. ಯಾರ ಮನೆಯದು ಯಾರ ಮನೆಯಿಂದ ಮೊದಲಾಯಿತು ಎಂದು ಯಾರಿಗೂ ಹೇಳಲಾಗುತ್ತಿರಲಿಲ್ಲ. ಬ್ರಿಟನ್ ಸರ್ಕಾರ 2018ರಲ್ಲಿ ಜನರ ಒಂಟಿತನದ ಹೊಣೆಯನ್ನು ಒಬ್ಬ ಮಂತ್ರಿಗೆ ವಹಿಸಿತು, 2021ರಲ್ಲಿ ಜಪಾನೂ ವಹಿಸಿತು. ಆ ಮಂತ್ರಿಗಳು ಎಂದಾದರೂ ನನಗೆ ಎದುರಾದರೆ ಹೆಪ್ಪಿನ ಲೋಟದ ಸಮಾಚಾರವನ್ನೇ ಹೇಳುತ್ತೇನೆ. ಬೇಕಾದದ್ದು ಒಂದು ಚಮಚ. ಆದರೆ ಅದನ್ನು ಇನ್ನೊಂದು ಮನೆಯಿಂದಲೇ ತರಬೇಕು.

ವಠಾರಕ್ಕೆ ವಾಪಸು ಹೋಗಬೇಕೆಂಬ ಆಸೆ ನನಗಿಲ್ಲ. ನಲ್ಲಿಯ ಬಳಿ ಕೊಡಗಳ ಸಾಲಿಗಾಗಿ ನಡೆದ ಜಗಳಗಳು ನನಗೆ ನೆನಪಿವೆ. ಹೊಸದಾಗಿ ಮದುವೆಯಾದವರು ನಗುವುದಕ್ಕೂ ಕಷ್ಟವಿತ್ತು, ಹೆಣ್ಣುಮಗಳು ತಡವಾಗಿ ಬಂದರೆ ಗೇಟಿನಿಂದ ಬಾಗಿಲವರೆಗೆ ಅಷ್ಟೂ ಕಣ್ಣು ದಾಟಬೇಕಿತ್ತು. ಅದಕ್ಕಿಂತ ನೋವಿನದು ಬೇರೆಯಿದೆ. ಮನೆ ಕೇಳಿಕೊಂಡು ಬಂದವರನ್ನು ತಾತ ಮೊದಲು ಕೇಳುತ್ತಿದ್ದದ್ದು ‘ಯಾವ ಜನ?’ ಎಂದು. ಉತ್ತರ ಹಿಡಿಸದಿದ್ದರೆ ಮನೆ ಖಾಲಿಯಿಲ್ಲ. ನಮಗೆ ಮೊಳಕೈ ಎತ್ತರವಿದ್ದ ಗೋಡೆ ಎಷ್ಟೋ ಜನಕ್ಕೆ ಹತ್ತಲಾಗದಷ್ಟು ಎತ್ತರವಾಗಿತ್ತು. ಕತ್ತಲಲ್ಲಿ ಅಷ್ಟು ಚೆನ್ನಾಗಿ ಕಥೆ ಹೇಳುತ್ತಿದ್ದ ಅದೇ ಬಾಯಿ ಹಗಲಲ್ಲಿ ಆ ಪ್ರಶ್ನೆ ಕೇಳುತ್ತಿತ್ತು ಎಂಬುದನ್ನು ನಾನು ಮರೆಯಲಾರೆ. ಅಪಾರ್ಟ್‌ಮೆಂಟಿನ ಕಾರಿಡಾರಿನಲ್ಲಿ ಯಾರು ಯಾವ ಜನವೆಂದು ಯಾರೂ ವಿಚಾರಿಸದೆ ಬಾಗಿಲು ಹಾಕಿಕೊಂಡು ಬದುಕಬಹುದು ಎಂಬುದು ಸಣ್ಣ ಸ್ವಾತಂತ್ರ್ಯವಲ್ಲ. ಅಲ್ಲಿಗೆ ಬಂದು ನೆಮ್ಮದಿಯ ಉಸಿರು ಬಿಟ್ಟವರನ್ನು ನಾನು ಬಲ್ಲೆ.

ಆದರೆ ಆ ಕಾರಿಡಾರಿನಲ್ಲಿ ನನ್ನ ನೆರೆಯವರನ್ನು ನಾನು ಬಲ್ಲದ್ದು ಚಪ್ಪಲಿಗಳಿಂದ. ಬಾಗಿಲುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ, ಹೊರಗೆ ಉಳಿಯುವುದು ಚಪ್ಪಲಿ ಸ್ಟ್ಯಾಂಡು. ಎಡಗಡೆಯ ಮನೆಯಲ್ಲಿ ಒಂದು ಜೊತೆ ಬಿಳಿ ಕ್ಯಾನ್ವಾಸ್ ಶೂ ಅಂಗೈಯಗಲ ಇದ್ದದ್ದು ವರ್ಷ ವರ್ಷ ಬೆಳೆಯಿತು. ಒಂದು ಶಾಲೆಯ ಜೂನ್‌ನಿಂದ ಮತ್ತೊಂದು ಜೂನ್‌ಗೆ ಆ ಮಗುವನ್ನು ನಾನು ಬೆಳೆಯುತ್ತ ನೋಡಿದ್ದು ಹಾಗೆ. ಬಲಗಡೆ ಹವಾಯಿ ಚಪ್ಪಲಿ ಮಾತ್ರ ಇತ್ತು. ಒಂದು ವಾರ ಅದರ ಪಕ್ಕ ಅಂಚು ಸವೆದ ಹಳ್ಳಿಯ ಮೆಟ್ಟು, ಬೆಳ್ಳಿಬಣ್ಣದ ಹೆಂಗಸರ ಚಪ್ಪಲಿ ಬಂದು ಕುಳಿತವು. ಒಳಗಿನಿಂದ ಒಗ್ಗರಣೆಯ ವಾಸನೆ ಬಂತು. ಒಂಟಿ ಹುಡುಗನಿಗೆ ಅಪ್ಪ ಅಮ್ಮ ಬಂದಿದ್ದಾರೆ ಎಂದು ನನಗೆ ತುಂಬ ಸಂತೋಷವಾಯಿತು. ಆ ಸಂತೋಷವನ್ನು ಅವನಿಗೆ ಹೇಳಲು ಬಾಗಿಲು ಬಡಿಯಬಹುದಿತ್ತು. ಬಡಿಯಲು ಏನು ನೆಪ? ಹೆಪ್ಪಿನ ಮೊಸರೂ ಈಗ ಹತ್ತು ನಿಮಿಷದಲ್ಲಿ ಫೋನಿನಿಂದ ಬಾಗಿಲಿಗೆ ಬರುತ್ತದೆ.

ಮುಂಬೈಯಲ್ಲಿ ಕೆಲಸಕ್ಕಿದ್ದ ವರ್ಷಗಳಲ್ಲಿ ನನಗೆ ಕರೆಂಟ್ ಹೋಗುವ ನೆನಪೇ ಹೋಗಿತ್ತು. ಆ ಊರಿನಲ್ಲಿ ಅದು ಹೋಗುತ್ತಲೇ ಇರಲಿಲ್ಲ. ಕುರ್ಲಾದಲ್ಲಿ ಬಾಡಿಗೆಯ ಕೋಣೆ, ಲೋವರ್ ಪರೇಲಿನಲ್ಲಿ ಕಚೇರಿ. ರಾತ್ರಿ ಕೋಣೆಗೆ ಬಂದರೆ ಯಶವಂತ ಚಿತ್ತಾಲರ ‘ಶಿಕಾರಿ’ ಓದುತ್ತಿದ್ದೆ. 1979ರಲ್ಲಿ ಬಂದ ಕಾದಂಬರಿ. ಅದೇ ಮುಂಬೈಯಲ್ಲಿ, ಅಷ್ಟು ಜನರ ನಡುವೆ ಬೇಟೆಗೆ ಸಿಕ್ಕಿಬಿದ್ದ ನಾಗಪ್ಪ. ಗೋಡೆಯ ಆಚೆ ಮರಾಠಿ ಧಾರಾವಾಹಿಯ ಹಾಡು ಕೇಳುತ್ತಿತ್ತು, ಅದನ್ನು ನೋಡುತ್ತಿದ್ದವರ ಮುಖ ನನಗೆ ಗೊತ್ತಿರಲಿಲ್ಲ. ಚಿತ್ತಾಲರು ಹನೇಹಳ್ಳಿಯವರು, ನಮ್ಮ ಭಾಗವತರ ಊರಿನ ಕಡೆಯವರು. ಅವರು ಕಥೆಗಳಲ್ಲಿ ಮತ್ತೆ ಮತ್ತೆ ಹನೇಹಳ್ಳಿಗೆ ಹೋಗಿಬರುತ್ತಿದ್ದದ್ದು ಯಾಕೆ ಎಂದು ಆ ಕೋಣೆಯಲ್ಲಿ ಕುಳಿತಾಗ ಅರ್ಥವಾಗುತ್ತಿತ್ತು.

ಆ ಊರಿನಲ್ಲಿ ನನಗೆ ಮೊದಲು ಜಾಗ ಸಿಕ್ಕಿದ್ದು ಲೋಕಲ್ ಟ್ರೇನಿನಲ್ಲಿ. ಮೂವರು ಕೂರುವ ಬೆಂಚಿನಲ್ಲಿ ನಾಲ್ಕನೆಯವರಿಗೂ ಅಲ್ಲಿ ಹಕ್ಕಿದೆ. ‘ಫೋರ್ತ್ ಸೀಟ್’ ಎಂದು ಅದಕ್ಕೆ ಹೆಸರೇ ಇದೆ. ನಿಂತವರು ಕಣ್ಣಲ್ಲಿ ಕೇಳಿದರೆ ಕುಳಿತ ಮೂವರೂ ಉಸಿರು ಎಳೆದುಕೊಂಡು ಜರುಗುತ್ತಾರೆ. ಸಿಗುವುದು ಅರ್ಧ ಅಂಗುಲ ಮರದ ತುದಿ, ಒಂದು ಕಾಲು ಓಣಿಯಲ್ಲೇ ಉಳಿಯುತ್ತದೆ. ಆದರೆ ನಮಗಾಗಿ ಮೂವರು ಅಪರಿಚಿತರು ಸರಿದರಲ್ಲ ಎಂಬ ಭಾವ ಇಡೀ ದಿನ ಜೊತೆಗೆ ಬರುತ್ತದೆ. ಅದೇ ಡಬ್ಬಿ, ಅದೇ ಹೊತ್ತು, ಅದೇ ಮುಖಗಳು. ಹೂಕೋಸು ಬಿಡಿಸುವ ಒಬ್ಬರು, ಸ್ತೋತ್ರ ಹೇಳುವ ಒಬ್ಬರು, ನಿದ್ದೆಹೋಗಿ ಪಕ್ಕದವರ ಹೆಗಲಿಗೆ ತಲೆಯಿಡುವ ಒಬ್ಬ ನರ್ಸ್. ದಸರೆಯ ಹಿಂದಿನ ದಿನ ಡಬ್ಬಿಗೆ ಹೂವಿನ ಹಾರ ಕಟ್ಟಿ ಪೂಜೆ ಮಾಡಿ ಪೇಡ ಹಂಚುತ್ತಿದ್ದರು. ಹೆಸರು ಕೇಳುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ನಾನು ಜ್ವರದಲ್ಲಿ ಮಲಗಿ ಎದ್ದು ಹೋದ ದಿನ ಹೂಕೋಸಿನ ಬಾಯಿ, ‘ಎಲ್ಲಿ ಹೋಗಿದ್ದೆ? ಕಾಣಲೇ ಇಲ್ಲ’ ಎಂದು ಗದರಿದರು. ಕಚೇರಿಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದ ದಿನ. ಟ್ರೇನು ನಿಂತವು, ಮೊಬೈಲು ಸತ್ತವು. ಲೋವರ್ ಪರೇಲಿನಿಂದ ಜನದ ಜೊತೆ ನಡೆಯುತ್ತ ನಡೆಯುತ್ತ ಸಾಯನ್‌ವರೆಗೆ ಬಂದಾಗ ನೀರು ಸೊಂಟಕ್ಕೇರಿತ್ತು, ಮುಂದೆ ದಾರಿಯೇ ಕಾಣಲಿಲ್ಲ. ಉಪನಗರಗಳ ಕಡೆ ಕರೆಂಟ್ ತೆಗೆದಿದ್ದರು. ಎಂದೂ ಕತ್ತಲಾಗದ ಆ ಊರು ಕತ್ತಲಾಗಿತ್ತು. ಒಂದು ಹಳೆಯ ಕಟ್ಟಡದ ಮೆಟ್ಟಿಲಿನಿಂದ ಯಾರೋ ಟಾರ್ಚ್ ಆಡಿಸಿ ನಮ್ಮನ್ನು ಕರೆದರು. ಒಳಗೆ ಮಹಡಿ ಮಹಡಿಯ ಮೆಟ್ಟಿಲಲ್ಲೂ ನೆನೆದ ಜನ. ಮನೆಗಳ ಬಾಗಿಲುಗಳೆಲ್ಲ ತೆರೆದಿದ್ದವು. ಒಂದು ಮನೆಯಿಂದ ಚಹಾ, ಇನ್ನೊಂದರಿಂದ ಒಣ ಸೀರೆ, ಮತ್ತೊಂದರಿಂದ ದೊಡ್ಡ ಪಾತ್ರೆಯಲ್ಲಿ ಖಿಚಡಿ. ಮೇಣದಬತ್ತಿ ಹಿಡಿದು ತಟ್ಟೆ ಕೊಟ್ಟ ಅಜ್ಜಿ ನನ್ನ ಊರು ಕೇಳಿದರು, ಹೇಳಿದೆ. ‘ಅಮ್ಮನಿಗೆ ಫೋನ್ ಸಿಗುವವರೆಗೆ ಇಲ್ಲೇ ಇರು’ ಎಂದರು ಮರಾಠಿಯಲ್ಲಿ. ರಾತ್ರಿಯೆಲ್ಲ ಆ ಮೆಟ್ಟಿಲ ಮೇಲೆ ಗುಜರಾತಿ, ತಮಿಳು, ಭೋಜ್‌ಪುರಿ, ಮರಾಠಿ ಮಾತು ನಡೆಯಿತು. ಹೊತ್ತು ಮೂಡುವ ಮುಂಚೆ ಯಾವುದೋ ಮಹಡಿಯಲ್ಲಿ ಒಬ್ಬ ಹಳೆಯ ಸಿನಿಮಾ ಹಾಡು ಶುರುಮಾಡಿದ. ಯಾರೂ ಟಾರ್ಚ್ ಹಾಕಿ ನೋಡಲಿಲ್ಲ. ನನಗೆ ಬಕೆಟ್ಟಿನ ತಾಳ ಕೇಳಿಸಿತು.

ಎದುರು ಮನೆಯ ಅಕ್ಕ, ವೈರು ಎಳೆದುಕೊಟ್ಟವರು, ಈಗ ಪುಣೆಯಲ್ಲಿ ಮಗನ ಮನೆಯಲ್ಲಿದ್ದಾರೆ. ಎತ್ತರದ ಕಟ್ಟಡ, ಅಲ್ಲೂ ಜನರೇಟರಿದೆ. ಮಗ ಸೊಸೆ ಕೆಲಸಕ್ಕೆ ಹೋದಮೇಲೆ ಸಂಜೆಯವರೆಗೆ ಅವರ ಜೊತೆಗೆ ಟೀವಿ. ಅದರಲ್ಲಿ ಬೆಂಗಳೂರಿನ ಮಳೆ ಕಂಡರೆ ತಕ್ಷಣ ನನಗೆ ಫೋನು. ಹೇಗಿದ್ದೀಯ, ಏನು ಎತ್ತ ಎಂಬ ಪೀಠಿಕೆಯೇ ಇಲ್ಲ. ‘ಏನೇ, ಅಲ್ಲಿ ಮಳೆಯಂತೆ. ನಿಮ್ಮನೇಲೂ ಹೋಯ್ತಾ?’ ಎನ್ನುತ್ತಾರೆ. ಹೋದ ಮೇ ತಿಂಗಳಲ್ಲಿ ಹೀಗೇ ಕೇಳಿದಾಗ ‘ಹೋಗಿತ್ತು ಅಕ್ಕಾ, ಈಗ ಬಂತು’ ಎಂದೆ. ಎಪ್ಪತ್ತು ದಾಟಿದ ಅಕ್ಕ ಆ ಕಡೆಯಿಂದ ‘ಓ…’ ಎಂದು ಕೂಗಿದರು, ಗಂಟಲು ಬಿಟ್ಟು. ಹಿಂದಿನಿಂದ ಮೊಮ್ಮಗ ‘ಕ್ಯಾ ಹುವಾ ಆಜೀ?’ ಎಂದು ಓಡಿಬಂದದ್ದು ಕೇಳಿಸಿತು. ಅಕ್ಕ ನಗುತ್ತಲೇ ಅವನಿಗೆ ಹೇಳಿಕೊಡುತ್ತಿದ್ದರು, ‘ಬೆಂಗಳೂರಲ್ಲಿ ಕರೆಂಟ್ ಬಂತೋ, ನೀನೂ ಕೂಗೋ.’

ನಮ್ಮ ಅಪಾರ್ಟ್‌ಮೆಂಟಿನ ಗೇಟು ದಾಟಿದರೆ ಹಳೆಯ ರಸ್ತೆ. ಬಡಾವಣೆ ಬರುವ ಮುಂಚೆ ಅದು ಹಳ್ಳಿಯ ರಸ್ತೆಯಾಗಿತ್ತು, ಈಗಲೂ ಅಷ್ಟೇ ವಕ್ರ. ಹೊಂಗೆ ಮರದ ಕೆಳಗೆ ಇಸ್ತ್ರಿ ಗಾಡಿ. ಇದ್ದಿಲಿನ ಪೆಟ್ಟಿಗೆ ಒತ್ತುವ ಗಂಡ, ಮಡಿಸುವ ಹೆಂಡತಿ. ಗಾಡಿಯ ಒಂದು ಮೂಲೆಯಲ್ಲಿ ಮೊಳೆಗಳ ಸಾಲಿದೆ, ಅದರಲ್ಲಿ ಸುತ್ತಮುತ್ತಲ ಮನೆಗಳ ಬೀಗದ ಕೈಗಳು ತೂಗುತ್ತವೆ. ಮಗ ಶಾಲೆಯಿಂದ ಬರುತ್ತಾನೆ, ಕೊಟ್ಟುಬಿಡಿ. ಕೆಲಸದವಳು ಹನ್ನೊಂದಕ್ಕೆ ಬರುತ್ತಾಳೆ, ಕೊಟ್ಟುಬಿಡಿ. ಗೇಟಿನ ಕ್ಯಾಮೆರಾ, ಪಾಸ್‌ವರ್ಡ್ ಎಲ್ಲ ಇರುವ ಜನ ಕೊನೆಗೆ ಕೀಲಿಕೈ ಕೊಡುವುದು ಆ ದಂಪತಿಯ ಕೈಗೆ. ಬಟ್ಟೆಯಿಂದಲೇ ಅವರಿಗೆ ಎಲ್ಲ ತಿಳಿಯುತ್ತದೆ. ತಿಳಿನೀಲಿ ಶರ್ಟನ್ನು ಬೆಳಿಗ್ಗೆಯೇ ಬೇಕು ಎಂದು ಹುಡುಗ ತಂದರೆ ಇಂಟರ್‌ವ್ಯೂ. ರೇಷ್ಮೆ ಪಂಚೆ ಬಂದರೆ ಮದುವೆ. ಬಹಳ ದಿನ ಒಂದು ಮನೆಯ ಬಟ್ಟೆಯಲ್ಲಿ ಗಂಡಸರದು ಬರದಿದ್ದರೆ ಆಕೆ ಬಾಯಿಬಿಟ್ಟು ಕೇಳುವುದಿಲ್ಲ, ಆ ಮನೆಯ ಸೀರೆಗಳನ್ನು ಮಾತ್ರ ತುಸು ಹೆಚ್ಚು ಜೋಪಾನವಾಗಿ ಮಡಿಸುತ್ತಾರೆ. ಪಕ್ಕದಲ್ಲಿ ಹೂವಿನಾಕೆ. ತನ್ನದೇ ಮೊಳಕೈಯಿಂದ ಅಳೆಯುತ್ತಾಳೆ, ಅಳೆದಮೇಲೆ ನಾಲ್ಕು ಬೆರಳು ಜಾಸ್ತಿ ಬಿಟ್ಟು ಕತ್ತರಿಸುತ್ತಾಳೆ. ಆ ನಾಲ್ಕು ಬೆರಳಿನ ಕನಕಾಂಬರಕ್ಕೆ ಬೆಲೆಯಿಲ್ಲ.

ಅದೇ ರಸ್ತೆಯ ತಿರುವಿನಲ್ಲಿ ಒಂದು ದರ್ಶಿನಿ. 1980ರ ದಶಕದಲ್ಲಿ ಜಯನಗರದಲ್ಲಿ ಶುರುವಾದ ಈ ನಿಂತು ತಿನ್ನುವ ಪದ್ಧತಿಯನ್ನು ಮೊದಮೊದಲು ಹಿರಿಯರು ಬೈದರು. ಕೂತು ಮಾತಾಡುವ ಹೋಟೆಲಿನ ಕಾಲ ಮುಗಿಯಿತು ಎಂದರು. ನನಗೆ ಅನ್ನಿಸುವುದೇ ಬೇರೆ. ಕೂರುವ ಮೇಜಿನಲ್ಲಿ ಒಂಟಿಯಾಗಿ ಬಂದವರ ಎದುರಿಗೆ ಖಾಲಿ ಕುರ್ಚಿ ಇರುತ್ತದೆ. ನಿಲ್ಲುವ ಕಟ್ಟೆಯಲ್ಲಿ ಅಂಥದ್ದೇನೂ ಕಾಣುವುದಿಲ್ಲ, ಯಾರ ಪಕ್ಕದಲ್ಲಿ ಯಾರು ಬೇಕಾದರೂ ತಟ್ಟೆ ಇಡಬಹುದು.

ಅಲ್ಲಿ ನನಗೊಬ್ಬರು ಮೇಷ್ಟ್ರು ಸಿಕ್ಕರು. ನಿವೃತ್ತರು, ಹೈಸ್ಕೂಲಿನಲ್ಲಿ ಸಮಾಜ ಹೇಳಿಕೊಡುತ್ತಿದ್ದವರು. ಒಂದು ಸಂಜೆ ಟೋಕನ್ ಕೊಳ್ಳುವ ಕಡೆ ನಿಂತು ಹಿಂದೆ ಮುಂದೆ ನೋಡುತ್ತಿದ್ದವರು, ನಾನು ಕಾಫಿ ಎನ್ನುವುದನ್ನು ಕೇಳಿ ಹತ್ತಿರ ಬಂದು ಕೇಳಿದರು, ‘ಬೈ ಟೂ ಹೇಳೋಣ್ವಾ ಅಮ್ಮ?’ ಆಮೇಲೆ ತಾವೇ ವಿವರಿಸಿದರು. ಪೂರ್ತಿ ಕುಡಿದರೆ ರಾತ್ರಿ ನಿದ್ದೆಯಿಲ್ಲ. ಅರ್ಧ ಕುಡಿದು ಅರ್ಧ ಚೆಲ್ಲಲು ಮನಸ್ಸು ಬಾರದು. ಮದುವೆಯಾದಾಗಿನಿಂದ ಹೆಂಡತಿಯೊಂದಿಗೆ ಬೈ ಟೂ ಕುಡಿದು ಅಭ್ಯಾಸ. ಆಕೆ ಹೋದಮೇಲೆ ಕಾಫಿ ಬಿಡಲು ನೋಡಿದರು, ಆಗಲಿಲ್ಲ. ಇನ್ನರ್ಧ ಕಾಫಿಗೆ ಒಬ್ಬರು ಬೇಕು, ಅಷ್ಟೆ. ಅಂದಿನಿಂದ ಆ ಇನ್ನರ್ಧ ನನ್ನದಾಯಿತು. ಅವರ ಹೆಸರು ನಾನು ಕೇಳಲಿಲ್ಲ, ನನ್ನದನ್ನು ಅವರು ಕೇಳಲಿಲ್ಲ. ಬಿಸಿಲು, ಮೆಟ್ರೋ ಕೆಲಸ, ಅವರೆಕಾಯಿ ಬಂತೋ ಇಲ್ಲವೋ, ಇಷ್ಟೇ ಮಾತು. ಅವರು ಲೋಟ ಮುಟ್ಟಿ ಬಿಸಿ ನೋಡಿ, ಹೆಚ್ಚು ಬಿಸಿಯಿರುವುದನ್ನು ನನ್ನ ಕಡೆ ಸರಿಸುತ್ತಿದ್ದರು. ಹೆಂಡತಿಗೂ ಹಾಗೇ ಮಾಡುತ್ತಿದ್ದರೇನೋ. ಕೇಳಲು ನನಗೆ ಧೈರ್ಯ ಬಂದಿಲ್ಲ.

ಅಮ್ಮನಿಗೆ ಹುಷಾರಿಲ್ಲದೆ ನಾನು ಮೈಸೂರಿನಲ್ಲಿ ಬಹಳ ದಿನ ಉಳಿಯಬೇಕಾಯಿತು. ಮರಳಿ ಬಂದ ಸಂಜೆ ದರ್ಶಿನಿಗೆ ಹೋದರೆ ಕ್ಯಾಷಿನಲ್ಲಿದ್ದ ಹುಡುಗ ಚಿಲ್ಲರೆ ಎಣಿಸುವುದನ್ನು ಬಿಟ್ಟು ತಲೆಯೆತ್ತಿದ. ‘ಎಲ್ಲೋಗಿದ್ರಿ ಮೇಡಂ? ನಿಮ್ಮ ಮೇಷ್ಟ್ರು ದಿನಾ ಕೇಳೋರು.’ ಮೇಷ್ಟ್ರು ಒಳಗೇ ಇದ್ದರು. ಅವರ ಪಕ್ಕದಲ್ಲಿ, ಡೆಲಿವರಿ ಕಂಪನಿಯ ಟೀ ಶರ್ಟ್ ಹಾಕಿದ, ಹೆಲ್ಮೆಟ್ಟನ್ನು ಕಟ್ಟೆಯ ಮೇಲಿಟ್ಟುಕೊಂಡ ಒಬ್ಬ ಹುಡುಗ. ಸಿಂಧನೂರು ಕಡೆಯವನು. ನಾನಿಲ್ಲದ ದಿನಗಳಲ್ಲಿ ಇನ್ನರ್ಧ ಕಾಫಿ ಅವನ ಪಾಲಿಗೆ ಹೋಗಿತ್ತು. ಮೇಷ್ಟ್ರು ಅಮ್ಮನ ಆರೋಗ್ಯ ವಿಚಾರಿಸಿದರು, ಮೈಸೂರಿನ ಮಳೆ ವಿಚಾರಿಸಿದರು, ಆಮೇಲೆ ನನ್ನ ಮುಖ, ಅವನ ಮುಖ ನೋಡಿ ಏನು ಹೇಳಬೇಕೆಂದು ತೋಚದೆ ಜೇಬಿನಲ್ಲಿ ದುಡ್ಡು ಹುಡುಕತೊಡಗಿದರು. ಹುಡುಗನೇ ಕ್ಯಾಷಿನ ಕಡೆ ತಿರುಗಿ ಕೂಗಿದ, ‘ಅಣ್ಣಾ, ಟೂ ಬೈ ತ್ರೀ ಮಾಡ್ರಿ!’

ಎರಡು ಕಾಫಿ ಮೂರು ಲೋಟದಲ್ಲಿ ಬಂತು. ಹುಡುಗ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕ್ರಾಸು, ಮೇನು ಗೊತ್ತಾಗದೆ ಸುತ್ತಾಡುತ್ತಿದ್ದನಂತೆ. ಮೇಷ್ಟ್ರು ಟಿಶ್ಯೂ ಕಾಗದದ ಮೇಲೆ ಇಡೀ ಬಡಾವಣೆಯ ನಕ್ಷೆ ಬರೆದುಕೊಟ್ಟಿದ್ದಾರೆ. ಫೋನಿನ ಕವರಿನ ಹಿಂದೆ ಮಡಿಸಿಟ್ಟುಕೊಂಡದ್ದನ್ನು ತೆಗೆದು ತೋರಿಸಿದ. ಇಸ್ತ್ರಿ ಗಾಡಿ, ಹೊಂಗೆ ಮರ, ಹೂವಿನಾಕೆ, ನಮ್ಮ ಗೇಟು, ಎಲ್ಲವೂ ಅದರಲ್ಲಿತ್ತು. ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಉಳಿದ ಕಾಫಿಯನ್ನು ಒಂದೇ ಗುಟುಕಿಗೆ ಇಳಿಸಿ, ‘ನಾಳೆ ರೊಕ್ಕ ನಂದ್ರಿ ಸರ’ ಎಂದು ಹೆಲ್ಮೆಟ್ ಎತ್ತಿಕೊಂಡು ಓಡಿದ. ಮೇಷ್ಟ್ರು ಲೋಟ ಕೈಯಲ್ಲಿ ಹಿಡಿದುಕೊಂಡೇ ಬಾಗಿಲವರೆಗೆ ಹೋಗಿ, ಅಷ್ಟು ಟ್ರಾಫಿಕ್ಕಿನ ಮೇಲೂ ಕೇಳುವಂತೆ ತರಗತಿಯ ದನಿಯಲ್ಲಿ ಕೂಗಿದರು, ‘ಲೋ, ಬಕಲ್ ಹಾಕ್ಕೊಳೋ!’